ಕಾದರೆ ಅಯಸ್ಕಾಂತವಾಗುವ ಲೋಹ

ಬೆಂಕಿಗೂ ಅಯಸ್ಕಾಂತಕ್ಕೂ ಹುಟ್ಟುಹಗೆ. ಎಷ್ಟೇ ಬಲವಾದ ಸೂಜಿಗಲ್ಲಾದರೂ ಕುಲುಮೆಯಲ್ಲಿ ಕೆಂಪಗೆ ಕಾಯಿತೆಂದರೆ ಅದರ ಸೆಳೆತ ಉಡುಗಿಹೋಗುವುದು. ಆಮೇಲೆ ಅದು ಒಂದು ಗುಂಡುಸೂಜಿಯನ್ನೂ ಅಲುಗಿಸಲಾರದು. ಇಂಗ್ಲೆಂಡಿನ ವೈದ್ಯರಾದ ವಿಲಿಯಂ ಗಿಲ್ಬರ್ಟರು 1600ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿಯೇ ಈ ಸಂಗತಿಯನ್ನು ಬರೆದಿಟ್ಟಿದ್ದಾರೆ. ಅಂದಿನಿಂದ ಮೂರು ಶತಮಾನಗಳಿಗೂ ಹೆಚ್ಚು ಕಾಲ, ಕಾವು ಏರಿದಂತೆ ಕಾಂತಶಕ್ತಿ ಇಳಿಯುವುದೇ ಪ್ರಕೃತಿಯ ಕಟ್ಟಳೆಯೆಂಬಂತೆ ಕಾಣುತ್ತಿತ್ತು.

ಆದರೆ ಈ ಕಟ್ಟಳೆಯನ್ನು ತಲೆಕೆಳಗು ಮಾಡುವ ಲೋಹವೊಂದುಂಟು. ಅದು ಕಬ್ಬಿಣ ಮತ್ತು ರೋಡಿಯಂ ಎಂಬ ಎರಡು ಧಾತುಗಳನ್ನು ಹೆಚ್ಚುಕಡಿಮೆ ಸಮಸಮವಾಗಿ ಬೆರೆಸಿದ ಮಿಶ್ರಲೋಹ. ಸಾಧಾರಣ ಹವೆಯಲ್ಲಿ ಈ ಲೋಹದ ತುಂಡನ್ನು ಅಯಸ್ಕಾಂತದ ಬಳಿಗೆ ಒಯ್ದರೆ ಅದು ತನಗೇನೂ ಸಂಬಂಧವಿಲ್ಲವೆಂಬಂತೆ ಸುಮ್ಮನಿರುವುದು. ಅದೇ ತುಂಡನ್ನು ನೀರು ಕುದಿಯುವ ಕಾವಿನ ಆಸುಪಾಸಿಗೆ ಕಾಯಿಸಿ ನೋಡಿ! ಇದ್ದಕ್ಕಿದ್ದಂತೆ ಅದರಲ್ಲಿ ಕಾಂತಶಕ್ತಿ ಎಚ್ಚರಗೊಳ್ಳುವುದು. ಕಬ್ಬಿಣದಂತೆಯೇ ಸೆಳೆತಕ್ಕೆ ಒಳಗಾಗುವುದು. ಆರಿಸಿದರೆ ಮತ್ತೆ ಮೊದಲಿನ ನಿದ್ರೆ. ಬೆಂಕಿಯಿಂದ ಸಾಯಬೇಕಾದದ್ದು ಬೆಂಕಿಯಿಂದಲೇ ಹುಟ್ಟುವ ಈ ಸೋಜಿಗದ ಮರ್ಮವೇನು? ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳುವಾದ ಪೊರೆಯಾಗಿ ಈ ಲೋಹವನ್ನು ಹರಡಿ, ಜಗತ್ತಿನ ಹಲವು ಪ್ರಯೋಗಶಾಲೆಗಳಲ್ಲಿ ವಿಜ್ಞಾನಿಗಳು ಅದರ ಬೆನ್ನು ಹತ್ತಿರುವುದೇಕೆ?

ತೇರನ್ನೆಳೆಯುವ ಕೈಗಳು

ಮೊದಲು ಸಾಮಾನ್ಯ ಅಯಸ್ಕಾಂತದ ಒಳಗುಟ್ಟನ್ನು ಅರಿಯಬೇಕು. ಕಬ್ಬಿಣದ ಪ್ರತಿಯೊಂದು ಪರಮಾಣುವೂ ತಾನೇ ಒಂದು ಪುಟ್ಟ ಅಯಸ್ಕಾಂತ. ಅದರೊಳಗಿನ ಎಲೆಕ್ಟ್ರಾನುಗಳ ಸ್ವಭಾವದಿಂದಲೇ ಈ ಗುಣ ಬಂದಿರುವುದು. ಆದರೆ ಒಂದೊಂದು ಪರಮಾಣುವಿನ ಬಲವೂ ಅತ್ಯಲ್ಪ. ಕೋಟಿ ಕೋಟಿ ಪರಮಾಣುಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಾಗ ಮಾತ್ರ ಅವುಗಳ ಬಲ ಒಟ್ಟುಗೂಡಿ ಹೊರಗೆ ಕಾಣಿಸಿಕೊಳ್ಳುವುದು. ಜಾತ್ರೆಯ ದಿನ ತೇರಿನ ಮಿಣಿಗೆ ಕೈಹಚ್ಚಿದ ನೂರಾರು ಮಂದಿ ಒಂದೇ ಕಡೆಗೆ ಎಳೆದಾಗ ಬೆಟ್ಟದಂಥ ರಥ ಉರುಳುವುದಿಲ್ಲವೆ? ಅದೇ ರೀತಿ.

ಈ ಶಿಸ್ತಿಗೆ ಶತ್ರು ಶಾಖ. ಶಾಖವೆಂದರೆ ಪರಮಾಣುಗಳ ಗಲಿಬಿಲಿಯೇ ಹೊರತು ಬೇರೆಯಲ್ಲ. ಕಾವು ಏರಿದಂತೆಲ್ಲ ಈ ಪುಟ್ಟ ಅಯಸ್ಕಾಂತಗಳು ಓಲಾಡತೊಡಗುವುವು. ಒಂದು ಮಿತಿಯನ್ನು ದಾಟಿದೊಡನೆ ಸಾಲು ಚದುರಿ, ಒಂದೊಂದು ಒಂದೊಂದು ದಿಕ್ಕನ್ನು ಹಿಡಿಯುವುವು. ಹೊರಗಿನ ಸೆಳೆತ ಆಗ ಶೂನ್ಯ. ಫ್ರಾನ್ಸಿನ ಪಿಯೆರ್ ಕ್ಯೂರಿಯವರು 1895ರಲ್ಲಿ ಈ ವಿಷಯವನ್ನು ಕ್ರಮವಾಗಿ ಅಳೆದು ತೋರಿಸಿದುದರಿಂದ, ಆ ಮಿತಿಗೆ ಕ್ಯೂರಿ ಬಿಂದು ಎಂದೇ ಹೆಸರಾಯಿತು. ಕಬ್ಬಿಣಕ್ಕೆ ಅದು 770 ಡಿಗ್ರಿ ಸೆಂಟಿಗ್ರೇಡ್. ನಿಕ್ಕಲ್ ಲೋಹಕ್ಕೆ ಸುಮಾರು 358 ಡಿಗ್ರಿ. ಗ್ಯಾಡೋಲಿನಿಯಂ ಎಂಬ ಲೋಹಕ್ಕಂತೂ ಬರಿಯ 20 ಡಿಗ್ರಿ. ನಮ್ಮ ಬೇಸಗೆಯ ಮಧ್ಯಾಹ್ನದಲ್ಲಿ ಅದು ಅಯಸ್ಕಾಂತವೇ ಅಲ್ಲ!

ಪರಮಾಣುಗಳು ಒಂದರ ಮಾತನ್ನು ಒಂದು ಕೇಳಿ ಸಾಲುಗಟ್ಟುವುದಾದರೂ ಏತಕ್ಕೆ? ಅವುಗಳ ನಡುವೆ ಬಲವಾದ ಒಳಸೆಳೆತವೊಂದು ಇರಲೇಬೇಕೆಂದು ಪಿಯೆರ್ ವೈಸ್‌ರವರು 1907ರಲ್ಲಿ ಊಹಿಸಿದರು. ಆ ಸೆಳೆತದ ನಿಜಸ್ವರೂಪವನ್ನು 1928ರಲ್ಲಿ ವರ್ನರ್ ಹೈಸನ್‌ಬರ್ಗ್‌ರವರು ಕ್ವಾಂಟಂ ವಿಜ್ಞಾನದ ಬೆಳಕಿನಲ್ಲಿ ತೋರಿಸಿಕೊಟ್ಟರು. ಅಲ್ಲಿಗೆ ಅಯಸ್ಕಾಂತದ ಕಥೆ ಮುಗಿಯಿತೆಂದು ತೋರಬಹುದು. ಆದರೆ ನಿಜವಾದ ಕುತೂಹಲ ಮೊದಲಾಗುವುದು ಅಲ್ಲಿಂದ ಮುಂದೆ.

ಹಗ್ಗಜಗ್ಗಾಟದ ಎರಡು ಬಣ

ನೆರೆಯ ಪರಮಾಣುಗಳು ಒಂದೇ ದಿಕ್ಕಿಗೆ ಮುಖ ಮಾಡಬೇಕೆಂದು ಯಾರು ಹೇಳಿದರು? ಒಂದು ಉತ್ತರಕ್ಕೆ ತಿರುಗಿದರೆ ಅದರ ಪಕ್ಕದ್ದು ದಕ್ಷಿಣಕ್ಕೆ, ಮತ್ತೊಂದು ಉತ್ತರಕ್ಕೆ, ಹೀಗೆ ಒಂದು ಬಿಟ್ಟು ಒಂದು ಎದುರುಬದುರಾಗಿ ನಿಲ್ಲುವ ಪದಾರ್ಥವೂ ಇರಬಾರದೇಕೆ? 1930ರ ದಶಕದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್ ನಗರದಲ್ಲಿ ವೈಸ್‌ರವರ ಬಳಿ ಕೆಲಸ ಮಾಡುತ್ತಿದ್ದ ತರುಣ ಲೂಯಿ ನೀಲ್. ಅಂಥ ಪದಾರ್ಥದಲ್ಲಿ ಶಿಸ್ತಿಗೇನೂ ಕೊರತೆಯಿಲ್ಲ. ಚದುರಂಗದ ಹಾಸಿನ ಕಪ್ಪು ಬಿಳಿ ಮನೆಗಳಂತೆ ಎಲ್ಲವೂ ಕ್ರಮಬದ್ಧವೇ. ಆದರೆ ಅರ್ಧದಷ್ಟು ಬಲ ಅತ್ತ, ಅರ್ಧದಷ್ಟು ಇತ್ತ. ಹಗ್ಗಜಗ್ಗಾಟದಲ್ಲಿ ಎರಡೂ ಬಣಗಳು ಸರಿಸಮವಾದರೆ ಹಗ್ಗ ಇದ್ದಲ್ಲಿಯೇ ಇರುವಂತೆ, ಹೊರಗಿನವರ ಕಣ್ಣಿಗೆ ಅಲ್ಲಿ ಕಾಂತತೆ ಇಲ್ಲವೇ ಇಲ್ಲ. ಇಂಥ ಪದಾರ್ಥಗಳಿಗೆ ಆಂಟಿಫೆರೊಮ್ಯಾಗ್ನೆಟ್ ಎಂದು ಹೆಸರು. ನಾವಿಲ್ಲಿ ಅದನ್ನು ಪ್ರತಿಕಾಂತ ಎಂದು ಕರೆಯೋಣ.

ಕಣ್ಣಿಗೆ ಕಾಣದ ಶಿಸ್ತನ್ನು ಸಾಬೀತುಪಡಿಸುವುದು ಹೇಗೆ? ಅದಕ್ಕೆ ನ್ಯೂಟ್ರಾನ್ ಕಣಗಳು ಬೇಕಾದುವು. ವಿದ್ಯುದಂಶವಿಲ್ಲದ ಈ ಕಣ ತಾನೂ ಒಂದು ಪುಟ್ಟ ಅಯಸ್ಕಾಂತವಾದುದರಿಂದ, ಹರಳಿನೊಳಕ್ಕೆ ಹೊಕ್ಕು ಪರಮಾಣುಗಳು ಯಾವ ದಿಕ್ಕಿಗೆ ಮುಖ ಮಾಡಿವೆಯೆಂಬ ಸುದ್ದಿಯನ್ನು ಹೊರತರಬಲ್ಲದು. 1949ರಲ್ಲಿ ಅಮೆರಿಕದಲ್ಲಿ ಕ್ಲಿಫರ್ಡ್ ಷಲ್ ಮತ್ತು ಸ್ಮಾರ್ಟ್ ಎಂಬ ವಿಜ್ಞಾನಿಗಳು ಮ್ಯಾಂಗನೀಸ್ ಆಕ್ಸೈಡಿನ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ, ನೀಲ್‌ರವರು ಹೇಳಿದ ಎದುರುಬದುರು ಸಾಲುಗಳನ್ನು ಪ್ರತ್ಯಕ್ಷವಾಗಿ ತೋರಿಸಿದರು. ನೀಲ್‌ರವರಿಗೆ 1970ರಲ್ಲಿ ನೊಬೆಲ್ ಬಹುಮಾನ ಬಂದಿತು. ಆದರೆ ಆ ಸಂದರ್ಭದ ಉಪನ್ಯಾಸದಲ್ಲಿ ಅವರೇ, ಪ್ರತಿಕಾಂತಗಳು ಸಿದ್ಧಾಂತದ ದೃಷ್ಟಿಯಿಂದ ಬಹು ಸ್ವಾರಸ್ಯವಾದವೆಂದೂ ಉಪಯೋಗದ ದೃಷ್ಟಿಯಿಂದ ಮಾತ್ರ ಅವುಗಳಿಂದ ಏನೂ ಆಗುವಂತೆ ಕಾಣದೆಂದೂ ಹೇಳಿಬಿಟ್ಟರು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು.

ಅದೇ ನಗರದಲ್ಲಿ ಮತ್ತೊಂದು ಸೋಜಿಗ

ಅದೇ ಸ್ಟ್ರಾಸ್‌ಬೂರ್ಗಿನಲ್ಲಿ 1938ರಲ್ಲಿ ಫಾಲೋ ಎಂಬ ವಿಜ್ಞಾನಿ ಕಬ್ಬಿಣವನ್ನು ಪ್ಲಾಟಿನಂ ಬಳಗದ ಲೋಹಗಳೊಡನೆ ಬೆರೆಸಿ ಪರೀಕ್ಷಿಸುತ್ತಿದ್ದರು. ಆ ಬಳಗದಲ್ಲಿ ರೋಡಿಯಂ ಕೂಡ ಒಂದು. ಇಂಗ್ಲೆಂಡಿನ ವಿಲಿಯಂ ವೊಲಸ್ಟನ್‌ರವರು 1804ರಲ್ಲಿ ಕಂಡುಹಿಡಿದ ಈ ಲೋಹದ ಲವಣಗಳು ಗುಲಾಬಿ ಬಣ್ಣದವಾದ್ದರಿಂದ, ಗುಲಾಬಿಯನ್ನು ಸೂಚಿಸುವ ಗ್ರೀಕ್ ಶಬ್ದದಿಂದ ಅದಕ್ಕೆ ಈ ಹೆಸರಿಟ್ಟರು. ರೋಡಿಯಂ ತಾನಾಗಿ ಅಯಸ್ಕಾಂತವಲ್ಲ. ಆದರೆ ಕಬ್ಬಿಣದೊಡನೆ ಸಮಭಾಗವಾಗಿ ಸೇರಿದಾಗ, ಕಾಯಿಸಿದ ಕೂಡಲೆ ಮಿಶ್ರಲೋಹದಲ್ಲಿ ಕಾಂತತೆ ದಿಢೀರನೆ ಏರುವುದನ್ನು ಫಾಲೋರವರು ಕಂಡರು. ಮರುವರ್ಷವೇ ಎಕ್ಸ್-ಕಿರಣಗಳ ಪರೀಕ್ಷೆಯಿಂದ ಇನ್ನೊಂದು ವಿಚಿತ್ರ ಹೊರಬಿದ್ದಿತು. ಕಾಂತತೆ ಬರುವ ಗಳಿಗೆಯಲ್ಲಿ ಹರಳಿನ ರಚನೆ ಬದಲಾಗುವುದಿಲ್ಲ. ಇದ್ದ ಆಕಾರದಲ್ಲಿಯೇ ಅದು ಉಬ್ಬುವುದು. ಗಾತ್ರದಲ್ಲಿ ಹೆಚ್ಚುವುದು ಶೇಕಡಾ ಒಂದರಷ್ಟು ಮಾತ್ರ. ಆದರೆ ಘನಲೋಹವೊಂದು ಕೆಲವೇ ಡಿಗ್ರಿಗಳ ಅಂತರದಲ್ಲಿ ಇಷ್ಟು ಹಿಗ್ಗುವುದು ಸಣ್ಣ ಮಾತಲ್ಲ.

ನಿದ್ರಾವಸ್ಥೆಯಲ್ಲಿ ಈ ಲೋಹ ನೀಲ್‌ರವರ ಪ್ರತಿಕಾಂತವೇ ಆಗಿದೆಯೆಂದು ತಿಳಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು. 1960ರ ದಶಕದ ಮೊದಲ ವರ್ಷಗಳಲ್ಲಿ ನ್ಯೂಟ್ರಾನ್ ಪರೀಕ್ಷೆಗಳು ನಡೆದು ಸಂಶಯ ಪರಿಹಾರವಾಯಿತು. ಎದುರುಬದುರು ಸಾಲಿನ ಕಲ್ಪನೆ ಹುಟ್ಟಿದ ಊರಿನಲ್ಲಿಯೇ ಅದಕ್ಕೆ ಅತ್ಯಂತ ವಿಲಕ್ಷಣವಾದ ನಿದರ್ಶನವೂ ಸಿಕ್ಕಿತ್ತು. ಒಂದಕ್ಕೊಂದು ಸಂಬಂಧವಿದೆಯೆಂಬುದು ಮಾತ್ರ ತಡವಾಗಿ ಬೆಳಕಿಗೆ ಬಂದಿತು.

ಎಂಟು ಮೂಲೆಗಳ ನಡುವಣ ತಟಸ್ಥ

ಈ ಮಿಶ್ರಲೋಹದ ಒಳರಚನೆ ಬಹಳ ಸರಳ. ಒಂದು ಚೌಕನಾದ ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಅದರ ಎಂಟು ಮೂಲೆಗಳಲ್ಲಿ ಕಬ್ಬಿಣದ ಪರಮಾಣುಗಳು. ಪೆಟ್ಟಿಗೆಯ ನಟ್ಟನಡುವೆ ಒಂದು ರೋಡಿಯಂ. ಪೆಟ್ಟಿಗೆಯ ಒಂದು ಅಂಚಿನ ಉದ್ದ ಒಂದು ಸೆಂಟಿಮೀಟರಿನ ಮೂರು ಕೋಟಿಯಲ್ಲೊಂದು ಭಾಗ. ಇಂಥ ಪೆಟ್ಟಿಗೆಗಳನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಪೇರಿಸುತ್ತ ಹೋದರೆ ಲೋಹವಾಯಿತು.

ತಣ್ಣಗಿರುವಾಗ ಎಂಟು ಮೂಲೆಗಳ ಕಬ್ಬಿಣಗಳಲ್ಲಿ ನಾಲ್ಕರ ಮುಖ ಮೇಲಕ್ಕೆ, ನಾಲ್ಕರ ಮುಖ ಕೆಳಕ್ಕೆ. ನಡುವಣ ರೋಡಿಯಂನ ಪಾಡೇನು? ನಾಲ್ವರು ಹೌದೆಂದು, ನಾಲ್ವರು ಅಲ್ಲವೆಂದು ಹಟಹಿಡಿದ ಪಂಚಾಯಿತಿಯಲ್ಲಿ ಸಿಕ್ಕಿಕೊಂಡ ಸಾತ್ವಿಕನಂತೆ ಅದು ತಟಸ್ಥವಾಗಿ ಉಳಿಯುವುದು. ಅದರಲ್ಲಿ ಕಾಂತತೆಯೇ ಇರದು. ಕಾವು ಮಿತಿ ಮುಟ್ಟಿದೊಡನೆ ಎಂಟು ಕಬ್ಬಿಣಗಳೂ ಒಂದೇ ಮುಖವಾಗುವುವು. ಆಗ ತಟಸ್ಥನಿಗೂ ಆವೇಶ ಬರುವುದು! ರೋಡಿಯಂ ಕೂಡ ಅಯಸ್ಕಾಂತವಾಗಿ ಅದೇ ದಿಕ್ಕಿಗೆ ತಿರುಗಿ, ಒಗ್ಗಟ್ಟನ್ನು ಬಿಗಿಗೊಳಿಸುವುದು. ಅಲ್ಲಿಂದ ಸುಮಾರು 400 ಡಿಗ್ರಿಯವರೆಗೂ ಈ ಒಗ್ಗಟ್ಟು ಇದ್ದು, ಕೊನೆಗೆ ಎಲ್ಲ ಅಯಸ್ಕಾಂತಗಳ ಹಣೆಬರಹದಂತೆ ಕ್ಯೂರಿ ಬಿಂದುವಿನಲ್ಲಿ ಚದುರಿಹೋಗುವುದು.

ಹಾಗಾದರೆ ಶಾಖ ಗಲಿಬಿಲಿಯನ್ನು ತರುವುದೆಂಬ ನಿಯಮ ಇಲ್ಲಿ ಸುಳ್ಳಾಯಿತೆ? ಇಲ್ಲ. ಎದುರುಬದುರಾಗಿ ನಿಂತ ಸ್ಥಿತಿಯಲ್ಲಿ ಎಲೆಕ್ಟ್ರಾನುಗಳ ಓಡಾಟಕ್ಕೆ ಕಟ್ಟುಪಾಡು ಹೆಚ್ಚು; ರೋಡಿಯಂಗಂತೂ ಬಾಯಿ ಕಟ್ಟಿದೆ. ಒಂದೇ ಮುಖವಾದಾಗ ಈ ಕಟ್ಟುಗಳು ಸಡಿಲಗೊಂಡು, ಹೊಸ ಬಗೆಯ ಅಲುಗಾಟಗಳಿಗೆ ಅವಕಾಶ ಒದಗುವುದು. ಎಂದರೆ, ಮೇಲ್ನೋಟಕ್ಕೆ ಶಿಸ್ತಾಗಿ ಕಾಣುವ ಸ್ಥಿತಿಯಲ್ಲಿಯೇ ಒಳಗೆ ಸ್ವಾತಂತ್ರ್ಯ ಹೆಚ್ಚು. ಶಾಖ ಯಾವಾಗಲೂ ಸ್ವಾತಂತ್ರ್ಯದ ಪಕ್ಷಪಾತಿ. ಇಲ್ಲಿಯೂ ಅದು ತನ್ನ ಧರ್ಮವನ್ನು ಬಿಟ್ಟಿಲ್ಲ.

ತುಪ್ಪದ ನ್ಯಾಯ

ಸಾಮಾನ್ಯ ಕಬ್ಬಿಣ ಕ್ಯೂರಿ ಬಿಂದುವನ್ನು ಸಮೀಪಿಸುವಾಗ ಅದರ ಬಲ ಮೆಲ್ಲಮೆಲ್ಲನೆ ಕುಗ್ಗಿ ಸೊನ್ನೆಯಾಗುವುದು. ಕಬ್ಬಿಣ-ರೋಡಿಯಂನ ಅವಸ್ಥಾಂತರ ಹಾಗಲ್ಲ. ಮಂಜುಗಡ್ಡೆ ಕರಗಿ ನೀರಾಗುವ ಜಾತಿಯದು. ಅದಕ್ಕೆ ಒಳಶಾಖ ಬೇಕು. ಒಂದು ಸ್ಥಿತಿಯಿಂದ ಮತ್ತೊಂದಕ್ಕೆ ಜಿಗಿತವಿದೆ. ಮತ್ತು ಹೋಗುವ ದಾರಿಯೇ ಬರುವ ದಾರಿಯಲ್ಲ. ನಮ್ಮ ಅಡಿಗೆಮನೆಯ ತುಪ್ಪವನ್ನೇ ನೋಡಿ. ಕರಗಿದ ತುಪ್ಪ ಆರುತ್ತ ಬಂದಾಗ, ಕರಗಿದ ಕಾವಿಗೆ ಇಳಿದೊಡನೆ ಹೆಪ್ಪುಗಟ್ಟುವುದಿಲ್ಲ. ಇನ್ನೂ ತಣ್ಣಗಾದ ಮೇಲೆ, ಅಲ್ಲೊಂದು ಇಲ್ಲೊಂದು ಹರಳು ಮೂಡಿದ ಬಳಿಕ, ಗಟ್ಟಿಯಾಗುವುದು. ಈ ಲೋಹವೂ ಹಾಗೆಯೇ. ಕಾಯಿಸುವಾಗ ಅಯಸ್ಕಾಂತವಾಗುವ ಕಾವು ಒಂದು. ಆರಿಸುವಾಗ ಮರಳಿ ಪ್ರತಿಕಾಂತವಾಗುವ ಕಾವು ಅದಕ್ಕಿಂತ ಸುಮಾರು ಹತ್ತು ಡಿಗ್ರಿ ಕೆಳಗೆ. ಎರಡರ ನಡುವಣ ಕಾವಿನಲ್ಲಿ ಲೋಹ ಯಾವ ಸ್ಥಿತಿಯಲ್ಲಿದೆಯೆಂಬುದು, ಅದು ಯಾವ ದಾರಿಯಿಂದ ಬಂದಿತೆಂಬುದನ್ನು ಅವಲಂಬಿಸಿರುವುದು. ಹಿಂದಿನ ದಾರಿಯ ಗುರುತನ್ನು ಉಳಿಸಿಕೊಳ್ಳುವ ವಸ್ತುವಿಗೆ ನೆನಪಿದೆಯೆಂದಲ್ಲವೆ ಅರ್ಥ!

ಇನ್ನೂ ಒಂದು ವಿಶೇಷ. ಈ ಹೊಸ್ತಿಲನ್ನು ಬೇಕಾದಂತೆ ಸರಿಸಬಹುದು. ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಒಂದು ಟೆಸ್ಲಾಕ್ಕೆ ಎಂಟು ಡಿಗ್ರಿಯಂತೆ ಅದು ಕೆಳಗಿಳಿಯುವುದು. ಒತ್ತಡ ಹೇರಿದರೆ ಮೇಲೇರುವುದು; ಉಬ್ಬಬೇಕಾದ ಲೋಹವನ್ನು ಅದುಮಿ ಹಿಡಿದರೆ ಅದು ಉಬ್ಬುವುದಾದರೂ ಎಂತು? ಚಿಟಿಕೆಯಷ್ಟು ಪಲೇಡಿಯಂ ಬೆರೆಸಿದರೆ ಹೊಸ್ತಿಲು ಇಳಿಯುವುದು, ಪ್ಲಾಟಿನಂ ಅಥವಾ ಇರಿಡಿಯಂ ಬೆರೆಸಿದರೆ ಏರುವುದು. ರೋಡಿಯಂನ ಪ್ರಮಾಣ ಅರ್ಧದಿಂದ ತುಸು ಹೆಚ್ಚು ಕಡಿಮೆಯಾದರೂ ಚಮತ್ಕಾರವೇ ಮಾಯ. ಇಷ್ಟು ಸೂಕ್ಷ್ಮವಾದ ತಕ್ಕಡಿ ಲೋಹಗಳ ಲೋಕದಲ್ಲಿ ಅಪರೂಪ.

ಪೊರೆಯಾಗಿ ಹರಡಿದಾಗ

ಲೋಹದ ಗಟ್ಟಿಯಿಂದ ಯಂತ್ರೋಪಕರಣಗಳಿಗೆ ಹೆಚ್ಚು ಪ್ರಯೋಜನವಿಲ್ಲ. ಅದನ್ನು ತೆಳುಪೊರೆಯಾಗಿ ಹರಡಬೇಕು. ವಿಧಾನ ಹೀಗಿದೆ: ಗಾಳಿಯನ್ನೆಲ್ಲ ಹೀರಿ ತೆಗೆದ ಪೆಟ್ಟಿಗೆಯಲ್ಲಿ ಸ್ವಲ್ಪವೇ ಆರ್ಗಾನ್ ಅನಿಲವನ್ನು ಬಿಟ್ಟು, ವಿದ್ಯುತ್ತಿನಿಂದ ಅದರ ಕಣಗಳನ್ನು ಮಿಶ್ರಲೋಹದ ಬಿಲ್ಲೆಯ ಮೇಲೆ ಅಪ್ಪಳಿಸುವರು. ಆಲಿಕಲ್ಲಿನ ಹೊಡೆತಕ್ಕೆ ಮಣ್ಣು ಸಿಡಿಯುವಂತೆ ಲೋಹದ ಪರಮಾಣುಗಳು ಸಿಡಿದು, ಎದುರಿಗಿರುವ ನುಣುಪಾದ ಹರಳಿನ ಮೇಲೆ ಪದರ ಪದರವಾಗಿ ಕೂರುವುವು. ಹರಳನ್ನು ನೂರಾರು ಡಿಗ್ರಿಗಳಿಗೆ ಕಾಯಿಸಿರಬೇಕು. ಇಲ್ಲವಾದರೆ ಕಬ್ಬಿಣ ಮೂಲೆಗೂ ರೋಡಿಯಂ ನಡುವಿಗೂ ಬಂದು ತಮ್ಮ ತಮ್ಮ ಮನೆಗಳನ್ನು ಸೇರದೆ ಗೊಂದಲವಾಗುವುದು. ಗೊಂದಲದ ಪೊರೆಯಲ್ಲಿ ಈ ಅವಸ್ಥಾಂತರವೇ ಇಲ್ಲ.

ಕೆಳಗಿಡುವ ಹರಳಿನ ಆಯ್ಕೆಯಲ್ಲಿಯೂ ಜಾಣತನ ಬೇಕು. ಮೆಗ್ನೀಸಿಯಂ ಆಕ್ಸೈಡಿನ ಹರಳಿನಲ್ಲಿ ಪರಮಾಣುಗಳ ಅಂತರವೂ ಈ ಮಿಶ್ರಲೋಹದ ಚೌಕಗಳ ಕರ್ಣದ ಅಳತೆಯೂ ಬಹುಮಟ್ಟಿಗೆ ಒಂದೇ. ಆದ್ದರಿಂದ ಪೊರೆಯ ಚೌಕಗಳು 45 ಡಿಗ್ರಿ ವಾರೆಯಾಗಿ ತಿರುಗಿ, ಅಂದವಾಗಿ ಅದರ ಮೇಲೆ ಕೂರುವುವು. ಹಾಗಿದ್ದರೂ ಅಳತೆ ಕೂದಲೆಳೆಯಷ್ಟು ಬಿಗಿ. ಹರಳು ಪೊರೆಯನ್ನು ತುಸುವೇ ಅದುಮುವುದು. ಅದರಿಂದ ಹೊಸ್ತಿಲು ಏರುವುದು. ನೀಲಮಣಿಯ ಜಾತಿಯ ಹರಳಿನ ಮೇಲೆ ಬೆಳೆಸಿದ ಪೊರೆಯಲ್ಲಿಯಾದರೋ ಅದು ಇಳಿಯುವುದು. ಹೀಗೆ ಬಾಡಿಗೆದಾರನ ನಡತೆಯನ್ನು ಮನೆಯ ಯಜಮಾನ ತಿದ್ದುವಂತೆ, ಪೊರೆಯ ಗುಣವನ್ನು ಕೆಳಗಿನ ಹರಳು ತಿದ್ದುವುದು.

20 ನ್ಯಾನೊಮೀಟರ್ ದಪ್ಪದ ಪೊರೆಯೆಂದರೆ ಸುಮಾರು 67 ಪೆಟ್ಟಿಗೆಗಳ ಎತ್ತರ ಮಾತ್ರ. ಇಂಥ ಐದು ಸಾವಿರ ಪೊರೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಕಾಗದದ ಹಾಳೆಯ ದಪ್ಪವಾದೀತು. ಇಷ್ಟು ತೆಳುವಾದಾಗ ಅಂಚುಗಳ ಪ್ರಭಾವ ಹೆಚ್ಚುವುದು. ಗಟ್ಟಿಯಲ್ಲಿ ಚಕ್ಕನೆ ನಡೆಯುತ್ತಿದ್ದ ಜಿಗಿತ ಪೊರೆಯಲ್ಲಿ ಹಲವು ಡಿಗ್ರಿಗಳಿಗೆ ಹರಡಿಕೊಳ್ಳುವುದು. ತಳದ ಅಂಚಿನಲ್ಲಿಯೂ ಮೇಲ್ಮೈಯಲ್ಲಿಯೂ ಕೆಲವು ಪದರಗಳು, ಪೊರೆ ತಣ್ಣಗಿದ್ದಾಗಲೂ ಅಯಸ್ಕಾಂತವಾಗಿಯೇ ಉಳಿಯುವುದುಂಟು. ವಿಶೇಷ ಎಕ್ಸ್-ಕಿರಣ ಸೂಕ್ಷ್ಮದರ್ಶಕದಿಂದ ನೋಡಿದರೆ ರೂಪಾಂತರದ ಚಿತ್ರವೇ ಕಣ್ಣಮುಂದೆ ಬಿಡಿಸಿಕೊಳ್ಳುವುದು: ಬರಿದಾದ ಬಯಲಿನಲ್ಲಿ ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ, ಚುಕ್ಕೆ ಬೆಳೆದು ದ್ವೀಪ, ದ್ವೀಪಗಳು ಕೂಡಿಕೊಂಡು ಕೊನೆಗೆ ಪೊರೆಯೆಲ್ಲ ಅಯಸ್ಕಾಂತ.

ಮುಂದಾಳು ಯಾರು?

ಇಲ್ಲಿ ವಿಜ್ಞಾನಿಗಳನ್ನು ಬಹುಕಾಲ ಕಾಡಿದ ಒಂದು ಒಗಟಿದೆ. ಹರಳು ಉಬ್ಬಿದ್ದರಿಂದ ಪರಮಾಣುಗಳು ಒಂದೇ ಮುಖವಾದುವೋ, ಒಂದೇ ಮುಖವಾದ್ದರಿಂದ ಹರಳು ಉಬ್ಬಿತೋ? ಬೀಜ ಮೊದಲೋ ವೃಕ್ಷ ಮೊದಲೋ ಎಂಬಂಥ ಈ ಪ್ರಶ್ನೆಗೆ ತೆಳುಪೊರೆಗಳು ಬಂದ ಮೇಲೆಯೇ ಉತ್ತರ ಹುಡುಕಲು ದಾರಿಯಾಯಿತು. ಏಕೆಂದರೆ ಪೊರೆಯನ್ನು ಲೇಸರ್ ಬೆಳಕಿನ ಒಂದು ಮಿಂಚಿನಿಂದ ಕಣ್ಣೆವೆಯಿಕ್ಕುವುದಕ್ಕಿಂತ ಎಷ್ಟೋ ಮೊದಲೇ ಕಾಯಿಸಬಹುದು.

ಆ ಮಿಂಚಿನ ಅವಧಿಯನ್ನು ಫೆಮ್ಟೊಸೆಕೆಂಡುಗಳಲ್ಲಿ ಅಳೆಯುವರು. ಸುಮಾರು ಮೂರು ಕೋಟಿ ವರ್ಷಗಳ ಎದುರಿಗೆ ಒಂದು ಸೆಕೆಂಡು ಎಷ್ಟು ಅಲ್ಪವೋ, ಒಂದು ಸೆಕೆಂಡಿನ ಎದುರಿಗೆ ಒಂದು ಫೆಮ್ಟೊಸೆಕೆಂಡು ಅಷ್ಟು ಅಲ್ಪ. 2004ರಲ್ಲಿ ಎರಡು ಬೇರೆ ಬೇರೆ ತಂಡಗಳು ಇಂಥ ಮಿಂಚನ್ನು ಹಾಯಿಸಿ, ಒಂದು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದೊಳಗಾಗಿಯೇ ಕಾಂತತೆಯ ಮೊಳಕೆಯನ್ನು ಕಂಡುವು. ಹರಳು ಉಬ್ಬುವುದಕ್ಕೂ, ಚದುರಿದ ಮೊಳಕೆಗಳೆಲ್ಲ ಕೂಡಿ ಒಂದೇ ದಿಕ್ಕನ್ನು ಹಿಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಕಾಲ ಬೇಕೆಂದು ಮುಂದಿನ ಪ್ರಯೋಗಗಳು ತಿಳಿಸಿದುವು. 2021ರಲ್ಲಿ ಪ್ರಕಟವಾದ ಪ್ರಯೋಗವೊಂದು ಇನ್ನೂ ಹಿಂದಕ್ಕೆ ಹೋಗಿ ನೋಡಿತು. ಮಿಂಚು ತಾಗಿದ ಸುಮಾರು 350 ಫೆಮ್ಟೊಸೆಕೆಂಡುಗಳೊಳಗೆ ಎಲೆಕ್ಟ್ರಾನುಗಳ ಏರ್ಪಾಡು ಬದಲಾಗಿಬಿಡುವುದು. ರೋಡಿಯಂ ಮತ್ತು ಕಬ್ಬಿಣಗಳ ನಡುವೆ ಎಲೆಕ್ಟ್ರಾನುಗಳ ವರ್ಗಾವಣೆಯೇ ಈ ನಾಟಕದ ಮೊದಲ ದೃಶ್ಯ. ಹರಳು ಉಬ್ಬುವುದು ಆಮೇಲಿನ ಅಂಕ. ಲೇಸರಿನ ಹೊಡೆತಕ್ಕೆ ಸಿಕ್ಕಿದ ಪೊರೆಯಲ್ಲಿ ಮುಂದಾಳು ಎಲೆಕ್ಟ್ರಾನೇ. ಮೆಲ್ಲಗೆ ಕಾಯುವ ಗಟ್ಟಿಯಲ್ಲಿ ಎಲೆಕ್ಟ್ರಾನು, ಕಾಂತತೆ, ಹರಳು ಮೂರೂ ಕೈಕೈ ಹಿಡಿದು ನಡೆಯುವುದರಿಂದ ಅವುಗಳ ಪಾಲನ್ನು ಹಂಚುವ ಕೆಲಸ ಇನ್ನೂ ನಡೆದಿದೆ.

ನೆನಪನ್ನು ಬರೆದಿಡುವ ಹಾಸು

ಇಷ್ಟೆಲ್ಲ ಹೆಣಗಾಟದ ಹಿಂದೆ ಕುತೂಹಲ ಒಂದೇ ಇಲ್ಲ. ಇಂದಿನ ಮಾನವನ ಲೆಕ್ಕಪತ್ರ, ಚಿತ್ರ, ಸಂಗೀತ, ಆಸ್ಪತ್ರೆಯ ದಾಖಲೆ ಇವುಗಳ ಬಹುಭಾಗ ಕಾಂತಪೊರೆಗಳ ಮೇಲೆ ಬರೆಯಲ್ಪಟ್ಟಿದೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ತಟ್ಟೆಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದು, ಐವತ್ತು ಲಕ್ಷ ಅಕ್ಷರಗಳಷ್ಟು ಮಾತ್ರ ಹಿಡಿಸುತ್ತಿತ್ತು. 2024ರಲ್ಲಿ ಸೀಗೇಟ್ ಸಂಸ್ಥೆ ಪ್ರಕಟಿಸಿದ, ಅಂಗೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆಯಲ್ಲಿ 30 ಟೆರಾಬೈಟ್, ಎಂದರೆ ಮೊದಲಿನದರ ಅರುವತ್ತು ಲಕ್ಷ ಪಟ್ಟು ಹಿಡಿಸುವುದು.

ಹೀಗೆ ಇಕ್ಕಟ್ಟಾಗಿ ಬರೆಯುತ್ತ ಹೋದಂತೆ ಹಳೆಯ ಶತ್ರು ಮತ್ತೆ ತಲೆಯೆತ್ತಿತು. ಒಂದೊಂದು ಅಕ್ಷರದ ಕಾಂತಕಣ ಅತಿ ಚಿಕ್ಕದಾದರೆ, ಕೋಣೆಯ ಸಾಧಾರಣ ಶಾಖವೇ ಅದರ ಮುಖವನ್ನು ತಿರುಗಿಸಿ ಬರಹವನ್ನು ಅಳಿಸಿಬಿಡುವುದು. ಅಳಿಯದಿರಲೆಂದು ಕಬ್ಬಿಣ-ಪ್ಲಾಟಿನಂನಂಥ ಹಟಮಾರಿ ಲೋಹವನ್ನು ಆರಿಸಿದರೆ, ಅದರ ಮೇಲೆ ಬರೆಯುವುದೇ ಅಸಾಧ್ಯ. ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಬರೆಯುವ ಗಳಿಗೆಯಲ್ಲಿ ಮಾತ್ರ ಲೇಸರಿನಿಂದ ಆ ಚುಕ್ಕೆಯನ್ನು 400 ಡಿಗ್ರಿಗೂ ಮೀರಿ ಕಾಯಿಸಿ ಮೆತ್ತಗೆ ಮಾಡುವುದು. ಮೇಲೆ ಹೇಳಿದ 30 ಟೆರಾಬೈಟಿನ ಯಂತ್ರ ನಡೆಯುವುದು ಈ ಉಪಾಯದಿಂದಲೇ.

ಅಷ್ಟು ಕಾವಿಲ್ಲದೆ ಕೆಲಸ ಸಾಗದೆ? 2003ರಲ್ಲಿ ಅಮೆರಿಕದ ಥೀಲೆ, ಮಾಟ್ ಮತ್ತು ಫುಲ್ಲರ್ಟನ್ ಎಂಬ ಮೂವರು ಒಂದು ಹಂಚಿಕೆಯನ್ನು ಮುಂದಿಟ್ಟರು. ಹಟಮಾರಿ ಪೊರೆಗೆ ಜೊತೆಯಾಗಿ ಕಬ್ಬಿಣ-ರೋಡಿಯಂನ ಪೊರೆಯನ್ನು ಅಂಟಿಸುವುದು. ತಣ್ಣಗಿರುವಾಗ ರೋಡಿಯಂ ಪೊರೆ ಪ್ರತಿಕಾಂತ. ನೆರೆಯವನ ವ್ಯವಹಾರಕ್ಕೆ ಕೈಹಾಕದು. ನೀರಿನ ಕುದಿಯ ಮಟ್ಟವನ್ನು ತುಸು ದಾಟಿ ಕಾಯಿಸಿದೊಡನೆ ಅದು ಅಯಸ್ಕಾಂತವಾಗಿ ಹೊರಗಿನ ಕ್ಷೇತ್ರದೊಡನೆ ತಿರುಗಿ, ಹಟಮಾರಿಯನ್ನೂ ತನ್ನೊಡನೆ ತಿರುಗಿಸುವುದು. ಆರಿದ ಮೇಲೆ ಬರಹ ಭದ್ರ. ಮಾರುಕಟ್ಟೆಯ ಯಂತ್ರಗಳು ಈ ಹಾದಿಯನ್ನು ಹಿಡಿಯಲಿಲ್ಲ. ಆದರೆ ಈ ಹಂಚಿಕೆಯಿಂದ ಕಬ್ಬಿಣ-ರೋಡಿಯಂ ಪೊರೆಗಳ ಮೇಲೆ ಹೊಸ ಆಸಕ್ತಿ ಮೂಡಿತು.

2014ರಲ್ಲಿ ಎರಡು ಹೆಜ್ಜೆಗಳು ಒಟ್ಟಿಗೆ ಬಿದ್ದುವು. ಒಂದರಲ್ಲಿ, ವಿದ್ಯುತ್ತು ಹಾಯಿಸಿದರೆ ಆಕಾರ ಬದಲಿಸುವ ಬೇರಿಯಂ ಟೈಟನೇಟ್ ಹರಳಿನ ಮೇಲೆ ಪೊರೆಯನ್ನು ಬೆಳೆಸಿ, ಕೆಲವೇ ವೋಲ್ಟುಗಳಿಂದ ಅದರ ಕಾಂತತೆಯನ್ನು ದೀಪದ ಗುಂಡಿಯೊತ್ತಿದಂತೆ ಹೊತ್ತಿಸಿ ಆರಿಸಿದರು. ಇನ್ನೊಂದರಲ್ಲಿ, ಪೊರೆಯನ್ನು ಕಾಯಿಸಿ ಅಯಸ್ಕಾಂತವಾಗಿ ಮಾಡಿ, ಬೇಕಾದ ದಿಕ್ಕಿಗೆ ತಿರುಗಿಸಿ, ಹಾಗೆಯೇ ಆರಿಸಿದರು. ಪ್ರತಿಕಾಂತವಾದ ಮೇಲೆಯೂ ಆ ದಿಕ್ಕಿನ ಗುರುತು ಒಳಗೆ ಉಳಿದಿತ್ತು. ವಿದ್ಯುತ್ತಿನ ಹರಿವಿಗೆ ಪೊರೆ ಒಡ್ಡುವ ತಡೆಯಲ್ಲಿನ ಸಣ್ಣ ವ್ಯತ್ಯಾಸದಿಂದ ಅದನ್ನು ಓದಿದರು. ಹೊರಗಿನಿಂದ ಎಷ್ಟೋ ಬಲವಾದ ಅಯಸ್ಕಾಂತವನ್ನು ತಂದು ಹಿಡಿದರೂ ಈ ಬರಹ ಅಳಿಯದು. ಏಕೆಂದರೆ ಹೊರಗಿನವರಿಗೆ ಹಿಡಿದೆಳೆಯಲು ಅಲ್ಲಿ ಜುಟ್ಟೇ ಇಲ್ಲ!

ತಂಪಿನ ಆಸೆ, ಬೆಲೆಯ ಬಿಸಿ

ಇದೇ ಲೋಹದ ಮತ್ತೊಂದು ಗುಣವನ್ನು 1990ರಲ್ಲಿ ಸೋವಿಯತ್ ಒಕ್ಕೂಟದ ವಿಜ್ಞಾನಿಗಳು ಪ್ರಕಟಿಸಿದರು. ಹೊಸ್ತಿಲಿನ ಬಳಿ ಸುಮಾರು ಎರಡು ಟೆಸ್ಲಾ ಕಾಂತಕ್ಷೇತ್ರವನ್ನು ಹಾಯಿಸಿದೊಡನೆ ಲೋಹ ಸುಮಾರು 13 ಡಿಗ್ರಿ ತಣ್ಣಗಾಯಿತು. ಮಂಜು ಕರಗುವಾಗ ಸುತ್ತಲಿನ ಶಾಖವನ್ನು ಹೀರುವಂತೆ, ಅವಸ್ಥಾಂತರಕ್ಕೆ ಬೇಕಾದ ಶಾಖವನ್ನು ಅದು ತನ್ನ ಒಡಲಿನಿಂದಲೇ ತೆಗೆದುಕೊಂಡಿತ್ತು. ಅನಿಲವಿಲ್ಲದ ಶೀತಪೆಟ್ಟಿಗೆಯ ಕನಸಿಗೆ ಇದು ಬಲ ಕೊಟ್ಟಿತು. ಆದರೆ ಹೋಗುವ ದಾರಿ ಬೇರೆ ಬರುವ ದಾರಿ ಬೇರೆಯೆಂಬ ಆ ತುಪ್ಪದ ನ್ಯಾಯ ಇಲ್ಲಿ ಅಡ್ಡಿಯಾಯಿತು. ಮತ್ತೆ ಮತ್ತೆ ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಮೊದಲಿನಷ್ಟು ತಂಪು ಸಿಗಲಿಲ್ಲ.

ಬೆಲೆಯೂ ಒಂದು ಬೆಟ್ಟ. ರೋಡಿಯಂನ ಬಹುಪಾಲು ದಕ್ಷಿಣ ಆಫ್ರಿಕದ ಗಣಿಗಳಿಂದ ಬರುವುದು. ಅದರಲ್ಲಿ ಹೆಚ್ಚಿನದು ಮೋಟಾರುಗಳ ಹೊಗೆಯನ್ನು ಶುದ್ಧಿಮಾಡುವ ಕೊಳವೆಗಳಿಗೆ ಹೋಗುವುದು. 2021ರಲ್ಲಿ ಅದರ ಬೆಲೆ ಬಂಗಾರದ ಬೆಲೆಯ ಹತ್ತು ಪಟ್ಟನ್ನೂ ಮೀರಿತ್ತು. ಇಂಥ ಲೋಹದ ಗಟ್ಟಿಗಳನ್ನು ಮನೆಮನೆಯ ಶೀತಪೆಟ್ಟಿಗೆಯಲ್ಲಿಡುವವರಾರು? ಪೊರೆಯ ಮಹಿಮೆ ತಿಳಿಯುವುದು ಇಲ್ಲಿಯೇ. 20 ನ್ಯಾನೊಮೀಟರ್ ದಪ್ಪದಲ್ಲಿ ಹರಡಿದರೆ ಒಂದೇ ಗ್ರಾಂ ರೋಡಿಯಂ ಏಳು ಚದರ ಮೀಟರಿಗೂ ಹೆಚ್ಚು ಜಾಗವನ್ನು, ಎಂದರೆ ಒಂದು ಸಣ್ಣ ಕೋಣೆಯ ನೆಲವನ್ನು, ಮುಚ್ಚಬಲ್ಲದು. ಹೆಬ್ಬೆಟ್ಟಿನುಗುರಿನಷ್ಟು ಅಗಲದ ಉಪಕರಣಕ್ಕೆ ಬೇಕಾದ ಲೋಹದ ಬೆಲೆ ಲೆಕ್ಕಕ್ಕೇ ಸಿಗದು.

ಕಬ್ಬಿಣ-ರೋಡಿಯಂ ಪೊರೆ ನಾಳೆಯ ನೆನಪಿನ ಯಂತ್ರಗಳಲ್ಲಿ ಸ್ಥಾನ ಪಡೆಯುವುದೋ, ಅಥವಾ ಇದರಿಂದ ಕಲಿತ ಪಾಠವನ್ನು ಅಗ್ಗದ ಬೇರೊಂದು ಲೋಹ ಆಚರಣೆಗೆ ತರುವುದೋ, ಅದನ್ನು ಕಾಲವೇ ನಿರ್ಧರಿಸಬೇಕು. ಆದರೆ ಒಂದು ಮಾತು ನಿಜ. ಹೊರಗೆ ಬಲವನ್ನು ತೋರಗೊಡದೆ, ಒಳಗೆ ಅಚ್ಚುಕಟ್ಟಾಗಿ ಎದುರುಬದುರು ನಿಂತ ಪರಮಾಣುಗಳನ್ನು ಅವುಗಳ ಕಲ್ಪನೆಯನ್ನು ಕೊಟ್ಟ ಮಹನೀಯರೇ ನಿರುಪಯೋಗಿಗಳೆಂದು ಬಗೆದಿದ್ದರು. ಇಂದಿನ ಪ್ರತಿಯೊಂದು ತಟ್ಟೆಯಂತ್ರದ ಓದುವ ಮುಳ್ಳಿನಲ್ಲಿಯೂ ಪ್ರತಿಕಾಂತದ ಒಂದು ಪದರವಿದೆ. ಪಕ್ಕದ ಕಾಂತಪದರ ಅತ್ತಿತ್ತ ಅಲುಗದಂತೆ ಅದು ಹಿಡಿದು ನಿಲ್ಲಿಸಿರುವುದು. ಪ್ರಕೃತಿಯ ಭಂಡಾರದಲ್ಲಿ ಉಪಯೋಗವಿಲ್ಲವೆಂದು ಮೂಲೆಗೆ ಸರಿಸಿದ ವಸ್ತುವಿಗೂ ಅದರದೇ ಒಂದು ಹದದ ಕಾವು ಇರುವುದು. ಆ ಕಾವು ಮುಟ್ಟುವವರೆಗೆ ಕಾಯಿಸುವ ತಾಳ್ಮೆಯೇ ವಿಜ್ಞಾನ.